ಲೆಕ್ಕಕ್ಕಿಲ್ಲದ ಲೆಕ್ಕ

ಇಂಜಿನಿಯರಿಂಗಿನಲ್ಲಿ ನಾನು ಫೇಲ್ ಆಗಿದ್ದು ಒಂದೇ ವಿಷಯದಲ್ಲಿ. ಮೂರು ಸಲ ಫೇಲ್, ಒಂದು ಸಲ ಆಬ್ಸೆಂಟ್. ಆ ವಿಷಯಕ್ಕೆ ಇದ್ದ ಕ್ರೆಡಿಟ್, ಅಂದರೆ ಒಟ್ಟು ಸರಾಸರಿಯಲ್ಲಿ ಅದಕ್ಕಿದ್ದ ತೂಕ, ಎಷ್ಟು ಗೊತ್ತಾ? ಸೊನ್ನೆ.

ಅದರಲ್ಲಿ ಎಷ್ಟೇ ಮಾರ್ಕು ತೆಗೆದರೂ ನನ್ನ ಸಿಜಿಪಿಎ, ಅಂದರೆ ಆ ಒಟ್ಟು ಸರಾಸರಿ, ಏರುತ್ತಿರಲಿಲ್ಲ. ಫೇಲಾದರೂ ಇಳಿಯುತ್ತಿರಲಿಲ್ಲ. ಆದರೆ ಪಾಸಾಗದೆ ಡಿಗ್ರಿ ಸಿಗುವ ಹಾಗಿರಲಿಲ್ಲ. ಚಿಕ್ಕವರಿದ್ದಾಗ ಲಗೋರಿ ಆಡುವಾಗ ಪಕ್ಕದ ಮನೆಯ ಪುಟಾಣಿ ಅಳುತ್ತಾನೆ ಅಂತ ಅವನನ್ನೂ ಸೇರಿಸಿಕೊಳ್ಳುತ್ತಿದ್ದೆವು. ಆಟಕ್ಕುಂಟು, ಲೆಕ್ಕಕ್ಕಿಲ್ಲ. ಇದೂ ಹಾಗೆಯೇ. ಒಂದೇ ವ್ಯತ್ಯಾಸ ಅಂದರೆ ಇಲ್ಲಿ ಆ ಪುಟಾಣಿಯ ಆಟ ಮುಗಿಯುವವರೆಗೆ ಯಾರೂ ಮನೆಗೆ ಹೋಗುವ ಹಾಗಿಲ್ಲ.

ಡಿಪ್ಲೊಮಾ ಮಾಡಿ ಬಂದವರಿಗೆ ನಾನು ಯಾವುದರ ಬಗ್ಗೆ ಹೇಳುತ್ತಿದ್ದೇನೆ ಅಂತ ಆಗಲೇ ಗೊತ್ತಾಗಿರುತ್ತದೆ. ಮ್ಯಾಟ್‌ಡಿಪ್, ಅಂದರೆ ಡಿಪ್ಲೊಮಾದಿಂದ ಬಂದವರಿಗೆ ಅಂತಲೇ ಇದ್ದ ಹೆಚ್ಚುವರಿ ಮ್ಯಾಥ್ಸ್. ಉಳಿದವರಿಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಮ್ಮದು ಅರಸೀಕೆರೆ ಹತ್ತಿರದ ಹಳ್ಳಿ. ಅಪ್ಪನಿಗೆ ತೆಂಗಿನ ತೋಟ. ತೋಟ ಅಂದರೆ ದೊಡ್ಡದಾಗಿ ಊಹಿಸಿಕೊಳ್ಳಬೇಡಿ, ಎರಡು ಎಕರೆ. ಕೊಬ್ಬರಿ ರೇಟು ಬಂದ ವರ್ಷ ನಾವು ಜನ, ಬರದ ವರ್ಷ ಸೊಸೈಟಿ ಸಾಲ. ಎಸ್ಸೆಸ್ಸೆಲ್ಸಿ ಕನ್ನಡ ಮೀಡಿಯಮ್ಮಿನಲ್ಲಿ ಮುಗಿಸಿದೆ. ಪಿಯುಸಿ ಸೈನ್ಸಿಗೆ ಹಾಕಿದರೆ ಟ್ಯೂಷನ್ನು, ಸಿಇಟಿ ಅಂತ ಖರ್ಚು ಅಂದುಕೊಂಡು ಅಪ್ಪ ನನ್ನನ್ನು ಪಾಲಿಟೆಕ್ನಿಕ್ ಸಿವಿಲ್‌ಗೆ ಸೇರಿಸಿದರು. ಮೂರು ವರ್ಷಕ್ಕೆ ಕೈಗೊಂದು ಕೆಲಸ ಅನ್ನೋದು ಅವರ ಲೆಕ್ಕ. ನನಗೆ ಮಾರ್ಕು ಚೆನ್ನಾಗಿ ಬಂತು. ಡಿಪ್ಲೊಮಾದವರು ಬಿಇ ಸೇರಲು ಬರೆಯುವ ಡಿಸಿಇಟಿ ಪರೀಕ್ಷೆ ಬರೆದೆ. 2016ರಲ್ಲಿ ಸೀದಾ ಎರಡನೇ ವರ್ಷದ ಬಿಇ, ಅಂದರೆ ಮೂರನೇ ಸೆಮಿಸ್ಟರಿಗೆ ಸೀಟು ಸಿಕ್ಕಿತು.

ಪಿಯುಸಿಯಿಂದ ಬಂದವರು ಮೊದಲ ವರ್ಷದಲ್ಲಿ ಎರಡು ಮ್ಯಾಥ್ಸ್ ಪೇಪರ್ ಓದಿರುತ್ತಾರೆ. ನಾವು ಆ ವರ್ಷವನ್ನು ಹಾರಿ ಬಂದವರು. ಪಾಲಿಟೆಕ್ನಿಕ್ಕಿನಲ್ಲೂ ನನಗೆ ಮ್ಯಾಥ್ಸ್ ಇದ್ದದ್ದು ಮೊದಲ ವರ್ಷ ಮಾತ್ರ. ಆಮೇಲೆ ಸರ್ವೆ, ಎಸ್ಟಿಮೇಷನ್, ಡ್ರಾಯಿಂಗ್, ಬರೀ ಅದೇ. ಹಾಗಾಗಿ ನಮಗೆ ಒಂದು ಸೇತುವೆ ಬೇಕು ಅಂತ ಯಾರೋ ದೊಡ್ಡವರು ಯೋಚನೆ ಮಾಡಿದ್ದಾರೆ. ಅದಕ್ಕೇ ಅದಕ್ಕೆ ಬ್ರಿಡ್ಜ್ ಕೋರ್ಸ್ ಅಂತ ಹೆಸರು. ಮೂರನೇ ಸೆಮ್‌ಗೆ ಒಂದು, ನಾಲ್ಕನೇ ಸೆಮ್‌ಗೆ ಇನ್ನೊಂದು.

ಯೋಚನೆ ಸರಿಯಾಗೇ ಇದೆ. ಆ ಸೇತುವೆ ಕಟ್ಟಿರುವ ಜಾಗದ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಮೂರನೇ ಸೆಮ್‌ನಲ್ಲಿ ಎಲ್ಲರ ಜೊತೆ ನಮಗೂ ಮ್ಯಾಥ್ಸ್ ಮೂರು ಇತ್ತು. ಫೋರಿಯರ್ ಸರಣಿ, ಝಡ್ ಟ್ರಾನ್ಸ್‌ಫಾರ್ಮ್, ನ್ಯೂಮರಿಕಲ್ ಮೆಥಡ್ಸ್. ಅದನ್ನು ಓದೋಕೆ ಬೇಕಾದ ಇಂಟಿಗ್ರೇಷನ್ ಕಲಿಸುತ್ತಿದ್ದದ್ದು ಬ್ರಿಡ್ಜ್ ಕೋರ್ಸು. ಎರಡೂ ಒಂದೇ ಸೆಮಿಸ್ಟರಿನಲ್ಲಿ! ಬೆಳಿಗ್ಗೆ ಹತ್ತಕ್ಕೆ ಹೊಳೆ ದಾಟಿಸುತ್ತಿದ್ದರು, ಸಂಜೆ ನಾಲ್ಕಕ್ಕೆ ಸೇತುವೆ ಕಟ್ಟುತ್ತಿದ್ದರು. ನಾನು ಈಜಿ ದಾಟಿದೆ. ಇಂಟಿಗ್ರೇಷನ್ ಮಾಡೋಕೆ ಬರ್ನೌಲಿ ರೂಲ್ ಅಂತ ಒಂದಿದೆ. ಯಾಕೆ ಏನು ಅಂತ ಕೇಳದೆ ಅದನ್ನೇ ಮೆಷಿನ್ ತರಹ ಹಾಕುತ್ತಾ ಹೋದರೆ ಫೋರಿಯರ್ ಲೆಕ್ಕ ಬರುತ್ತದೆ. ಬಾಯಿಪಾಠ ಮಾಡಿ ಮ್ಯಾಥ್ಸ್ ಮೂರರಲ್ಲಿ 54 ತೆಗೆದೆ. ಹೊಳೆ ದಾಟಿ ದಡ ಸೇರಿದ ಮೇಲೆ ಸೇತುವೆಯಿಂದ ಬಿದ್ದವನು ನಾನು.

ಅದೂ ಒಂದೇ ಕಾರಣಕ್ಕಲ್ಲ. ಡಿಸಿಇಟಿ ಕೌನ್ಸೆಲಿಂಗ್ ಮುಗಿದು ನಾವು ಕಾಲೇಜಿಗೆ ಕಾಲಿಡುವ ಹೊತ್ತಿಗೆ ಉಳಿದವರಿಗೆ ಒಂದು ತಿಂಗಳ ಪಾಠ ಆಗಿಹೋಗಿತ್ತು. ಮೊದಲ ಇಂಟರ್ನಲ್ಸ್ ಮುಂದಿನ ವಾರ. ಮ್ಯಾಟ್‌ಡಿಪ್ ಕ್ಲಾಸು ಸಂಜೆ ನಾಲ್ಕೂಕಾಲಿಗೆ. ಎಲ್ಲ ಬ್ರಾಂಚಿನ ಡಿಪ್ಲೊಮಾ ಹುಡುಗರನ್ನು ಒಂದೇ ಹಾಲ್‌ನಲ್ಲಿ ಕೂರಿಸುತ್ತಿದ್ದರು. ಹಾಸ್ಟೆಲ್ ಸಿಗದೆ ಆಗಿನ್ನೂ ಊರಿನಿಂದ ಓಡಾಡುತ್ತಿದ್ದ ನಮ್ಮಂಥವರಿಗೆ ಐದರ ಬಸ್ಸು ತಪ್ಪಿದರೆ ಮುಂದಿನದು ಏಳಕ್ಕೆ. ಪಾಠ ಮಾಡಲು ಬರುತ್ತಿದ್ದ ಸರ್‌ಗೂ ಅದು ದಿನದ ಆರನೇ ಗಂಟೆ. ಪಾಪ, ಬೋರ್ಡಿನ ಕಡೆ ತಿರುಗಿ ಬರೆಯೋಕೆ ಶುರು ಮಾಡಿದರೆ ಮತ್ತೆ ನಮ್ಮ ಕಡೆ ತಿರುಗುತ್ತಿದ್ದದ್ದು ಅಟೆಂಡೆನ್ಸಿಗೆ ಮಾತ್ರ. ಅವರ ಮೇಲೆ ನನಗೆ ಬೇಜಾರಿಲ್ಲ. ಲೆಕ್ಕಕ್ಕೇ ಇಲ್ಲದ ವಿಷಯಕ್ಕೆ ಯಾರು ತಾನೇ ಜಾಸ್ತಿ ಜೀವ ಕೊಡುತ್ತಾರೆ?

ಸೀನಿಯರ್‌ಗಳ ಉಪದೇಶ ಬೇರೆ. 'ಅದಾ? ಬಿಡು ಮಗಾ. ಇಯರ್ ಬ್ಯಾಕಿಗೆ ಲೆಕ್ಕ ಇಲ್ಲ. ಲಾಸ್ಟ್ ಸೆಮ್‌ನಲ್ಲಿ ಕ್ಲಿಯರ್ ಮಾಡ್ಕೋ.'

ಆ ಮಾತು ಸುಳ್ಳಲ್ಲ. ಅದೇ ಅದರ ವಿಷ. ಬೇರೆ ಯಾವುದೇ ಸಬ್ಜೆಕ್ಟ್ ಉಳಿದರೆ ಮುಂದಿನ ವರ್ಷಕ್ಕೆ ಹೋಗೋಕೆ ಅಡ್ಡ ಬರಬಹುದು, ಕಂಪನಿಯವರು ಕೇಳುತ್ತಾರೆ, ಮನೆಯಲ್ಲಿ ಬೈತಾರೆ. ಇದು ಎಲ್ಲೂ ಅಡ್ಡ ಬರಲಿಲ್ಲ. ಬಾಗಿಲಿನ ಹಿಂದೆ ಸುಮ್ನೆ ನಿಂತಿತ್ತು.

ಮೊದಲ ಸಲ 2017ರ ಜನವರಿಯಲ್ಲಿ ಬರೆದೆ. ಮುಂದಿನ ಪೇಪರ್ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಇತ್ತು, ಇದ್ದ ಸಮಯ ಎಲ್ಲಾ ಅದಕ್ಕೇ ಹೋಯಿತು. ಫೇಲ್. ಜುಲೈನಲ್ಲಿ ಮತ್ತೆ ಬರೆದೆ, ಓದದೆ. ಫೇಲ್. ತಮಾಷೆ ಅಂದರೆ ಅದೇ ಸಲ ಎರಡನೇ ಬ್ರಿಡ್ಜ್ ಪಾಸಾಯಿತು. ಅದರಲ್ಲಿ ಲ್ಯಾಪ್ಲಾಸ್ ಟ್ರಾನ್ಸ್‌ಫಾರ್ಮ್ ಇತ್ತು, ಫಾರ್ಮುಲಾ ಪಟ್ಟಿ ಗೊತ್ತಿದ್ದರೆ ಒಂದಷ್ಟು ಮಾರ್ಕು ಬರುತ್ತವೆ. ಮೂರನೇ ಸಲ ಫೀಸ್ ಕಟ್ಟಿ, ಹಾಲ್ ಟಿಕೆಟ್ ತಗೊಂಡು, ಆ ದಿನ ಬೆಳಿಗ್ಗೆ ರೂಮಿನಲ್ಲಿ ಮಲಗಿದ್ದೆ. ಜ್ವರ ಅಂತ ಗೆಳೆಯರಿಗೆ ಹೇಳಿದೆ. ಜ್ವರ ಇರಲಿಲ್ಲ. ಫೇಲಿಗಿಂತ ಆಬ್ಸೆಂಟ್ ಮರ್ಯಾದೆ ಅನ್ನಿಸಿತ್ತು ಆಗ. ಹೇಗಿದೆ ನೋಡಿ ತಲೆ.

ಆಮೇಲೆ ಒಂದೂವರೆ ವರ್ಷ ಆ ಕಡೆ ತಿರುಗಿಯೂ ನೋಡಲಿಲ್ಲ.

ಅಪ್ಪ ಪ್ರತಿ ಸಲ ರಿಸಲ್ಟ್ ಬಂದಾಗ ಒಂದೇ ಪ್ರಶ್ನೆ ಕೇಳುತ್ತಿದ್ದರು. 'ಎಷ್ಟು ಉಳ್ಕೊಂಡೈತೆ?'

'ಒಂದೇ ಅಪ್ಪ. ಅದು ಲೆಕ್ಕಕ್ಕಿಲ್ಲ.'

'ಯಾವ ಸಬ್ಜೆಕ್ಟು?'

'ಲೆಕ್ಕ.'

ಅಪ್ಪ ಕಾಯಿ ಸುಲಿಯೋದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ನಾನು ಗೇಲಿ ಮಾಡುತ್ತಿದ್ದೇನೆ ಅಂದುಕೊಂಡರು. 'ಲೆಕ್ಕಾನೇ ಲೆಕ್ಕಕ್ಕಿಲ್ಲ ಅಂದ್ರೆ ಇನ್ನೇನ್ ಓದ್ತೀಯೋ ಅಲ್ಲಿ' ಅಂದರು.

2019ರ ಜೂನ್‌ನಲ್ಲಿ ಎಂಟನೇ ಸೆಮ್ ಪರೀಕ್ಷೆ. ಜೊತೆಗೇ ಮ್ಯಾಟ್‌ಡಿಪ್ಪನ್ನೂ ಬರೆದೆ. ಈ ಸಲ ನಿಜವಾಗಿ ಓದಿದ್ದೆ, ಹತ್ತು ದಿನ. ಎಂಟನೇ ಸೆಮ್ ಪೂರ್ತಿ ಪಾಸು, ಪ್ರಾಜೆಕ್ಟಿಗೆ ಒಳ್ಳೆ ಮಾರ್ಕು. ಮ್ಯಾಟ್‌ಡಿಪ್ ಏಳು ಮಾರ್ಕಿನಲ್ಲಿ ಹೋಯಿತು. ರೂಮಿನ ನಾಲ್ಕು ಜನ ಪ್ರೊವಿಷನಲ್ ಸರ್ಟಿಫಿಕೇಟಿಗೆ ಅರ್ಜಿ ಹಾಕಲು ಹೊರಟರು. ನಾನು ಅವರ ಜೊತೆ ಕಾಲೇಜಿನ ಗೇಟಿನ ತನಕ ಹೋಗಿ, ಟೀ ಕುಡಿದು ಬರ್ತೀನಿ ಅಂತ ಹೇಳಿ ಅಂಗಡಿಯಲ್ಲೇ ಕೂತೆ.

ಆಗ ತುಮಕೂರಿನಲ್ಲಿ ಒಬ್ಬ ಕಾಂಟ್ರಾಕ್ಟರ್ ಹತ್ತಿರ ಕೆಲಸದ ಮಾತಾಗಿತ್ತು. ಬಿಇಗೆ 16 ಸಾವಿರ ಅಂದಿದ್ದರು. ಸರ್ಟಿಫಿಕೇಟ್ ಇಲ್ಲ ಅಂದೆ. ಅವರು ಒಳ್ಳೆಯವರೇ, ಬೇರೆಯವರಾದರೆ ಫೋನ್ ಇಡುತ್ತಿದ್ದರು. 'ಸರಿ, ಡಿಪ್ಲೊಮಾ ಅಂತ ಸೇರ್ಕೋ, 11 ಕೊಡ್ತೀನಿ, ಕಾಗದ ಬಂದ ದಿನ ಏರಿಸ್ತೀನಿ' ಅಂದರು. ಅಂದರೆ ಸೊನ್ನೆ ಕ್ರೆಡಿಟ್ಟಿನ ಆ ವಿಷಯದ ಬೆಲೆ ನನಗೆ ತಿಂಗಳಿಗೆ 5 ಸಾವಿರ.

ಸೈಟಿನಲ್ಲಿ ಮೊದಲ ತಿಂಗಳು ನನ್ನ ಹೊಟ್ಟೆಯುರಿ ಇನ್ನೂ ಜಾಸ್ತಿಯಾಯಿತು. ಅಲ್ಲಿ ಬೇಕಾದ ಲೆಕ್ಕವೆಲ್ಲ ನನಗೆ ನೀರು ಕುಡಿದ ಹಾಗೆ ಬರುತ್ತಿತ್ತು. ಕಂಬಿಯ ತೂಕ ಬೇಕಾ? ವ್ಯಾಸವನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸು, ಮೀಟರಿಗೆ ಇಷ್ಟು ಕೆಜಿ ಅಂತ ಬರುತ್ತದೆ. 12 ಎಂಎಂ ಕಂಬಿಗೆ 0.89, 16ಕ್ಕೆ 1.58. ಪಾಯ ಗುರುತು ಹಾಕುವಾಗ ನಮ್ಮ ಮೇಸ್ತ್ರಿ ದಾರ ಹಿಡಿದು ಒಂದು ಕಡೆ ಮೂರಡಿ, ಇನ್ನೊಂದು ಕಡೆ ನಾಲ್ಕಡಿ ಅಳೆದು, ಅಡ್ಡಕ್ಕೆ ಐದಡಿ ಬಂದರೆ ಮೂಲೆ ಮಟ್ಟ ಸರಿ ಅಂತ ತಲೆ ಆಡಿಸುತ್ತಿದ್ದರು. ಅವರಿಗೆ ಪೈಥಾಗೊರಸ್ ಯಾರು ಅಂತ ಗೊತ್ತಿಲ್ಲ. ರಸಮಟ್ಟ, ತೂಗುಗುಂಡು, ದಾರ. ಇಷ್ಟರಲ್ಲಿ ಮೂರಂತಸ್ತಿನ ಮನೆ ಏಳುತ್ತಿತ್ತು. ಮ್ಯಾಟ್‌ಡಿಪ್ಪಿನಲ್ಲಿ ಕೇಳುವ ಹಾಗೆ ಕಾಸ್ ತೀಟಾ ಪ್ಲಸ್ ಐ ಸೈನ್ ತೀಟಾದ ಎನ್‌ನೇ ಘಾತ ಎಷ್ಟು ಅಂತ ಒಬ್ಬನೂ ಬಂದು ಕೇಳಲಿಲ್ಲ. ಇವತ್ತಿನವರೆಗೂ ಕೇಳಿಲ್ಲ.

ಸಂಬಳದಲ್ಲಿ ಒಂದಷ್ಟು ಕೊಟ್ಟು ಉತ್ತರ ಪತ್ರಿಕೆಯ ಪ್ರತಿ ತರಿಸಿದೆ. ರೀವ್ಯಾಲ್ಯುಯೇಷನ್ನಿಗೆ ಹಾಕೋಣ, ಏಳೇ ಮಾರ್ಕಲ್ವಾ, ಎಲ್ಲೋ ಕೂಡಿಸೋದು ಬಿಟ್ಟಿರುತ್ತಾರೆ ಅನ್ನೋ ಆಸೆ. ಡಿಪ್ಲೊಮಾ ಗೆಳೆಯರಿಗೆ ಒಂದು ಮಾತು ಹೇಳುತ್ತೇನೆ: ರೀವ್ಯಾಲ್ಯುಯೇಷನ್ನಿಗೆ ದುಡ್ಡು ಹಾಕುವ ಮೊದಲು ಪ್ರತಿ ತರಿಸಿ ನೋಡಿ. ನನಗೆ ಮಾರ್ಕು ಸಿಗಲಿಲ್ಲ, ಆದರೆ ನನ್ನ ಬಂಡವಾಳ ಏನು ಅಂತ ಗೊತ್ತಾಯಿತು. ನಮ್ಮ ಪೇಪರಿನಲ್ಲಿ ಐದು ಮಾಡ್ಯೂಲ್, ಒಂದೊಂದರಿಂದ ಎರಡು ಪ್ರಶ್ನೆ, ಒಂದನ್ನು ಬಿಡಿಸಬೇಕು. ನಾನು ಎರಡು ಮಾಡ್ಯೂಲ್ ಮುಟ್ಟಿಯೇ ಇರಲಿಲ್ಲ. ಮುಟ್ಟಿದ ಮೂರರಲ್ಲೂ ಅರ್ಧ ದಾರಿ. ತಪ್ಪಾಗಿದ್ದು ಇಂಜಿನಿಯರಿಂಗ್ ಮ್ಯಾಥ್ಸ್ ಅಲ್ಲ. ಸೈನ್ ಎರಡು ತೀಟಾ ಎಷ್ಟು ಅನ್ನೋದೇ ತಪ್ಪು. ಎಸ್ಸೆಸ್ಸೆಲ್ಸಿಯಲ್ಲಿ ಸೈನ್ 30 ಅಂದರೆ ಅರ್ಧ ಅಂತ ಕಲಿತಿದ್ದೆ, ಫೋರಿಯರ್ ಸರಣಿ ಬಾಯಿಪಾಠ ಮಾಡಿದ್ದೆ. ನಡುವೆ ಏನೂ ಇರಲಿಲ್ಲ. ಖಾಲಿ ಸೈಟು.

ಆ ಪ್ರತಿಯನ್ನು ಬ್ಯಾಗಿನಲ್ಲಿ ಇಟ್ಟುಕೊಂಡು ಶನಿವಾರ ಸಂಜೆ ರೈಲಿನಲ್ಲಿ ಊರಿಗೆ ಬಂದೆ. ತಂಗಿ ಆಗ ಸೆಕೆಂಡ್ ಪಿಯುಸಿ, ಸೈನ್ಸ್. (ಹೌದು, ಅಪ್ಪ ಅವಳನ್ನು ಸೈನ್ಸಿಗೇ ಹಾಕಿದರು. ನನ್ನ ಸಲ ಕೊಬ್ಬರಿ ರೇಟು ಬಿದ್ದಿತ್ತು.) ಬ್ಯಾಗಿನಿಂದ ಬಟ್ಟೆ ತೆಗೆಯುವಾಗ ಕಾಗದ ಅವಳ ಕೈಗೆ ಸಿಕ್ಕಿತು. ಪುಟ ತಿರುಗಿಸಿ ನೋಡಿದಳು.

'ಅಣ್ಣಾ, ಇದು ನಿಂದಾ?'

'ಹೂಂ.'

'ಇಂಜಿನಿಯರಿಂಗಾ?'

'ಹೂಂ.'

'ಇದು ನಮಗಿದೆಯಲ್ಲ' ಅಂದಳು. ನಗಲಿಲ್ಲ. ನಕ್ಕಿದ್ದರೆ ನಾನು ಅವತ್ತೇ ಕಾಗದ ಹರಿದು ಬಿಸಾಡುತ್ತಿದ್ದೆ.

ಅವಳು ಹೇಳಿದ್ದು ನಿಜ. ಇಂಟಿಗ್ರೇಷನ್, ಡಿಫರೆನ್ಷಿಯಲ್ ಈಕ್ವೇಷನ್, ವೆಕ್ಟರ್, ಡಿಟರ್ಮಿನೆಂಟ್ ಎಲ್ಲಾ ಅವಳ ಪುಸ್ತಕದಲ್ಲಿ ಇದ್ದವು. ಮುಂದಿನ ನಾಲ್ಕು ತಿಂಗಳು ಪ್ರತಿ ಭಾನುವಾರ ಬೆಳಿಗ್ಗೆ ಜಗಲಿ ಮೇಲೆ ಪಾಠ. 22 ವರ್ಷದ ಸೈಟ್ ಇಂಜಿನಿಯರಿಗೆ 17 ವರ್ಷದ ಮೇಡಂ. ಅಮ್ಮ ಅವರೆಕಾಯಿ ಬಿಡಿಸುತ್ತಾ ಕೂತಿರುತ್ತಿದ್ದರು. ಪಕ್ಕದ ಮನೆಯವರು ಬಂದರೆ ಮೇಡಮ್ಮೇ ಪುಸ್ತಕ ನನ್ನ ಕಡೆ ತಳ್ಳಿ, 'ಅಣ್ಣ ಹೇಳಿಕೊಡ್ತಾ ಅವ್ನೆ' ಅನ್ನುತ್ತಿದ್ದಳು. ನಾನು ಗಂಭೀರವಾಗಿ ತಲೆ ಆಡಿಸುತ್ತಿದ್ದೆ.

ರೈಲಿನಲ್ಲೂ ಓದುತ್ತಿದ್ದೆ. ತಿಪಟೂರು ಬರುವಷ್ಟರಲ್ಲಿ ಒಂದು ಲೆಕ್ಕ ಅಂತ ನೇಮ. ವೆಕ್ಟರ್ ಪಾಠದಲ್ಲಿ ಬರುವ ಕರ್ಲ್ ಅಂದರೆ ಹೆದರಿ ಸಾಯುತ್ತಿದ್ದೆ. ಅದು ಬರೀ ಮೂರು ಸಾಲಿನ ಡಿಟರ್ಮಿನೆಂಟ್ ಅಂತ ಗೊತ್ತಾದಾಗ, ಇಷ್ಟೇನಾ ಅನ್ನಿಸಿ ನಗು ಬಂತು. ಎಕ್ಸಾಕ್ಟ್ ಈಕ್ವೇಷನ್ನೂ ಅಷ್ಟೇ, ಒಂದು ಪರೀಕ್ಷೆ ಮಾಡಿ ನೋಡು, ಹೊಂದಿದರೆ ಉತ್ತರ ಬರೆದುಬಿಡು.

ರಿಡಕ್ಷನ್ ಫಾರ್ಮುಲಾ ಒಂದು ಅವಳಿಗೂ ಹೊಸದು. ಸೊನ್ನೆಯಿಂದ ಪೈ ಬೈ ಎರಡರ ತನಕ ಸೈನ್‌ನ ಎನ್‌ನೇ ಘಾತವನ್ನು ಇಂಟಿಗ್ರೇಟ್ ಮಾಡಬೇಕು. ಎನ್ 6 ಇದ್ದರೆ ಆರರಲ್ಲಿ ಐದು, ನಾಲ್ಕರಲ್ಲಿ ಮೂರು, ಎರಡರಲ್ಲಿ ಒಂದು ಅಂತ ಮೆಟ್ಟಿಲು ಇಳಿದ ಹಾಗೆ ಗುಣಿಸಿ, ಕೊನೆಗೆ ಪೈ ಬೈ ಎರಡನ್ನೂ ಸೇರಿಸಬೇಕು. 32ರಲ್ಲಿ 5 ಪೈ. ಎನ್ 5 ಇದ್ದರೆ ಐದರಲ್ಲಿ ನಾಲ್ಕು, ಮೂರರಲ್ಲಿ ಎರಡು, ಅಷ್ಟೇ. 15ರಲ್ಲಿ 8. ಪೈ ಇಲ್ಲ. ನಾನು ಉತ್ತರ ಪತ್ರಿಕೆಯಲ್ಲಿ ಐದನೇ ಘಾತಕ್ಕೂ ಪೈ ಹಾಕಿ, 15ರಲ್ಲಿ 4 ಪೈ ಅಂತ ಬರೆದು, ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದೆ. ತಂಗಿ ಅದನ್ನು ಸ್ವಲ್ಪ ಹೊತ್ತು ನೋಡಿದಳು.

'ಸಮಕ್ಕೆ ಪೈ, ಬೆಸಕ್ಕೆ ಬರಿಗೈ' ಅಂದಳು.

ಅಮ್ಮ ಕೂಡ ಅವರೆಕಾಯಿ ಬಿಡಿಸೋದು ಬಿಟ್ಟು ನಕ್ಕರು. ಅಮ್ಮನಿಗೆ ಏನು ಅರ್ಥವಾಯಿತೋ ಗೊತ್ತಿಲ್ಲ. ನಾನು ಮಾತ್ರ ಈ ಜನ್ಮದಲ್ಲಿ ಮರೆಯಲ್ಲ.

ಒಂದು ಸಂಜೆ ಸೈಟಿನಲ್ಲಿ ಕಂಬಿ ಲೋಡು ಬಂದಿತ್ತು. ತೂಕ ಹಾಕುತ್ತಾ ನಿಂತಾಗ ಈ 162 ಎಲ್ಲಿಂದ ಬಂತು ಅನ್ನಿಸಿತು. ಆರು ವರ್ಷದಿಂದ ಉಪಯೋಗಿಸುತ್ತಿದ್ದೆ, ಕೇಳಿಕೊಂಡಿರಲಿಲ್ಲ. ಸಿಮೆಂಟ್ ಚೀಲದ ಮೇಲೆ ಬರೆದು ನೋಡಿದೆ. ಉಕ್ಕಿನ ಸಾಂದ್ರತೆ ಘನ ಮೀಟರಿಗೆ 7850 ಕೆಜಿ. ಕಂಬಿಯ ಅಡ್ಡ ಕೊಯ್ತದ ವಿಸ್ತೀರ್ಣಕ್ಕೆ ಪೈ ಬೈ ನಾಲ್ಕು. ಎರಡನ್ನೂ ಗುಣಿಸಿ, ಮಿಲಿಮೀಟರನ್ನು ಮೀಟರ್ ಮಾಡಿ, ಒಂದನ್ನು ಅದರಿಂದ ಭಾಗಿಸಿದರೆ 162 ಚಿಲ್ಲರೆ. ಪೈ ಅಲ್ಲೂ ಅಡಗಿ ಕೂತಿತ್ತು. ಇದಕ್ಕೂ ಮ್ಯಾಟ್‌ಡಿಪ್ಪಿಗೂ ಸಂಬಂಧ ಇಲ್ಲ, ಇದು ಹೈಸ್ಕೂಲ್ ಲೆಕ್ಕ. ಆದರೆ ಮ್ಯಾಟ್‌ಡಿಪ್ ಓದುತ್ತಿರದಿದ್ದರೆ ನಾನು ಇದನ್ನು ಬರೆದು ನೋಡುತ್ತಿರಲಿಲ್ಲ ಅನ್ನೋದೂ ನಿಜ. ಹಾಗಂತ ಆ ವಿಷಯ ನನಗೆ ಬೇಕಾಗಿತ್ತು ಅಂತ ಒಪ್ಪಿಕೊಳ್ಳಲು ನಾನು ತಯಾರಿಲ್ಲ. ಸರಿಯಾದ ಸಮಯಕ್ಕೆ, ಸೇರಿದ ಮೊದಲ ತಿಂಗಳು ಬೇರೆ ಎಲ್ಲಾ ಬಿಟ್ಟು ಇದನ್ನೇ ಹೇಳಿಕೊಟ್ಟಿದ್ದರೆ ಬೇಕಾಗುತ್ತಿತ್ತು. ಮೂರು ವರ್ಷ ಆದ ಮೇಲೆ ನನಗೆ ಬೇಕಾಗಿದ್ದು ಪಾಸ್ ಮಾತ್ರ.

2020ರ ಜನವರಿಯಲ್ಲಿ ಬರೆದೆ. ಐದೂ ಮಾಡ್ಯೂಲ್ ಮುಟ್ಟಿದೆ. ಎರಡು ದಿನ ರಜೆ ಹಾಕಿದ್ದಕ್ಕೆ ಸಂಬಳ ಕಟ್. ಹಾಲ್‌ನಲ್ಲಿ ನನ್ನ ಸುತ್ತ ಇದ್ದವರೆಲ್ಲ ನನಗಿಂತ ಮೂರು ವರ್ಷ ಚಿಕ್ಕವರು. ರಿಡಕ್ಷನ್ ಫಾರ್ಮುಲಾ ಬಂದಿತ್ತು. ಘಾತ ಏಳು. ಪೈ ಹಾಕಲಿಲ್ಲ.

ಮಾರ್ಚ್ ಮೊದಲ ವಾರ ರಿಸಲ್ಟ್ ಬಂತು, ಪಾಸ್. ಮೊಬೈಲಿನಲ್ಲಿ ನೋಡಿದಾಗ ಎರಡನೇ ಅಂತಸ್ತಿನ ಸ್ಲ್ಯಾಬಿನ ಮೇಲೆ ನಿಂತಿದ್ದೆ, ಕಾಂಕ್ರೀಟ್ ಹಾಕುತ್ತಿದ್ದರು, ಕುಣಿಯೋಕೂ ಜಾಗ ಇರಲಿಲ್ಲ. ಸರ್ಟಿಫಿಕೇಟಿಗೆ ಅರ್ಜಿ ಹಾಕಿ, ತಿಂಗಳ ಕೊನೆಗೆ ಹೋಗಿ ತರೋಣ ಅಂದುಕೊಂಡೆ. ಮಾರ್ಚ್ 25ಕ್ಕೆ ದೇಶವೇ ಬಂದ್. ಸೈಟ್ ನಿಂತಿತು, ಕಾಲೇಜು ಮುಚ್ಚಿತು, ನಾನು ಊರಿನ ಜಗಲಿ ಮೇಲೆ. ಕಾಗದ ಕಾಲೇಜಿನ ಬೀರುವಿನಲ್ಲಿ.

ತಂಗಿಯದ್ದು ಇನ್ನೊಂದು ಕಥೆ. ಅವಳ ಪಿಯುಸಿ ಪರೀಕ್ಷೆಯಲ್ಲಿ ಮ್ಯಾಥ್ಸ್ ಸೇರಿ ಎಲ್ಲಾ ಮುಗಿದಿತ್ತು. ಮಾರ್ಚ್ 23ಕ್ಕೆ ಇದ್ದ ಇಂಗ್ಲಿಷ್ ಒಂದು ಮುಂದಕ್ಕೆ ಹೋಯಿತು. ಏಪ್ರಿಲ್ ಆಯಿತು, ಮೇ ಆಯಿತು. ಅವಳು ಅದೇ ಇಂಗ್ಲಿಷ್ ಪುಸ್ತಕ ಹಿಡಿದು ಮನೆಯ ಒಳಗೂ ಹೊರಗೂ ಓಡಾಡುತ್ತಿದ್ದಳು.

'ಎಷ್ಟು ಉಳ್ಕೊಂಡೈತೆ?' ಅಂತ ಅಪ್ಪನ ಧಾಟಿಯಲ್ಲೇ ಕೇಳುತ್ತಿದ್ದೆ.

'ಒಂದು. ಆದ್ರೆ ಇದು ಲೆಕ್ಕಕ್ಕಿದೆ' ಅನ್ನುತ್ತಿದ್ದಳು.

ಜೂನ್ 18ಕ್ಕೆ ಅವಳು ಇಂಗ್ಲಿಷ್ ಬರೆದು ಬಂದಳು. ಮಾರನೇ ದಿನ ನಾನು ಮಾಸ್ಕ್ ಹಾಕಿಕೊಂಡು ಬಸ್ಸಿನಲ್ಲಿ ಕಾಲೇಜಿಗೆ ಹೋಗಿ, ಕಿಟಕಿಯ ಹೊರಗೆ ಎರಡು ಗಂಟೆ ನಿಂತು, ಸಹಿ ಹಾಕಿ ಸರ್ಟಿಫಿಕೇಟ್ ತಂದೆ. ಮೊದಲೇ ಒಪ್ಪಂದವಾಗಿತ್ತು. ಟ್ಯೂಷನ್ ಫೀಸ್ ಅಂತ ಅವಳಿಗೆ ಅರಸೀಕೆರೆ ಬಸ್ ಸ್ಟ್ಯಾಂಡ್ ಹತ್ತಿರದ ಗೋಬಿ ಮಂಚೂರಿ, ಜೊತೆಗೆ ಒಂದು ಒಳ್ಳೆ ಪೆನ್ನು. ಇಳಿಯುವ ಹೊತ್ತಿಗೆ ಗೋಬಿ ಗಾಡಿಯೂ ಇಲ್ಲ, ಪೆನ್ನಿನ ಅಂಗಡಿಯೂ ತೆರೆದಿರಲಿಲ್ಲ.

ಅಪ್ಪ ಸರ್ಟಿಫಿಕೇಟನ್ನು ಬೆಳಕಿಗೆ ಹಿಡಿದು ನೋಡಿ ಅಮ್ಮನ ಕೈಗೆ ಕೊಟ್ಟರು. ಅಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು ತಗೊಂಡು ದೇವರ ಮುಂದೆ ಇಟ್ಟರು. ತಂಗಿ ಬಾಗಿಲಲ್ಲಿ ನಿಂತು ನನ್ನ ಬ್ಯಾಗ್ ನೋಡಿದಳು, ನನ್ನ ಕೈ ನೋಡಿದಳು.

'ಇವತ್ತು ಎಷ್ಟನೇ ತಾರೀಖು?'

'ಹತ್ತೊಂಬತ್ತು.'

'ಬೆಸ' ಅಂದು ಒಳಗೆ ಹೋದಳು.